ತಿರುಗಿ ಬರುವ ಪಂದ್ಯ

ದಕ್ಷಿಣ ಅಮೆರಿಕದ ಕ್ಲಬ್ ಫುಟ್‌ಬಾಲ್ ಟೂರ್ನಿ ಕೋಪಾ ಲಿಬರ್ಟಡೋರೆಸ್‌ನಲ್ಲಿ ನಾನು ನೋಡಿದ ಮೊದಲ ಫೈನಲ್ 2008ರದ್ದು. ನೋಡಲೇಬೇಕು ಅಂತ ಕೂತಿದ್ದೇನಲ್ಲ. ನಿದ್ದೆ ಬರದೆ ಸುಮ್ನೆ ಏನೋ ಹುಡುಕುತ್ತಿದ್ದಾಗ ಸಿಕ್ಕಿತು. ಚಿತ್ರ ಮಸುಕು, ಆಗಾಗ ನಿಂತೇ ಹೋಗುತ್ತಿತ್ತು. ಕಾಮೆಂಟರಿ ಒಂದಕ್ಷರ ಅರ್ಥವಾಗಲಿಲ್ಲ. ಸ್ಕೋರು ಮಾತ್ರ ಸ್ಪಷ್ಟವಾಗಿತ್ತು: ಬ್ರೆಜಿಲ್‌ನ ಫ್ಲೂಮಿನೆನ್ಸ್ 3, ಈಕ್ವೆಡಾರ್‌ನ ಎಲ್‌ಡಿಯು ಕೀಟೊ 1. ಫ್ಲೂಮಿನೆನ್ಸ್ ಗೆದ್ದ ಹಾಗೇ ಅಂದುಕೊಂಡೆ. ಆದರೆ ಮುಂದಿರುವ ತಂಡದ ಮುಖದಲ್ಲಿ ಗೆಲುವಿನ ಕಳೆಯೇ ಇಲ್ಲ. ರಿಯೊದ ಮಾರಕಾನಾ ಸ್ಟೇಡಿಯಂ ತುಂಬ ಜನ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಸೋಲುತ್ತಿರುವವರು ಮಾತ್ರ ಆರಾಮಾಗಿ ಚೆಂಡು ಅತ್ತಿತ್ತ ತಳ್ಳುತ್ತಿದ್ದಾರೆ.

ಆಮೇಲೆ ತಿಳಿಯಿತು, ನಾನು ನೋಡುತ್ತಿದ್ದದ್ದು ಅರ್ಧ ಫೈನಲ್. ಇನ್ನರ್ಧ ಒಂದು ವಾರ ಮೊದಲೇ ಈಕ್ವೆಡಾರ್‌ನ ರಾಜಧಾನಿ ಕೀಟೊದಲ್ಲಿ ಮುಗಿದಿತ್ತು. ಅಲ್ಲಿ ಎಲ್‌ಡಿಯು 4-2ರಿಂದ ಗೆದ್ದಿತ್ತು. ಎರಡನ್ನೂ ಕೂಡಿಸಿದರೆ 5-5. ಮಾರಕಾನಾದಲ್ಲಿ ಆ ಮೂರೂ ಗೋಲು ಹೊಡೆದಿದ್ದು ಫ್ಲೂಮಿನೆನ್ಸ್‌ನ ತಿಯಾಗೊ ನೆವೆಸ್. ಲಿಬರ್ಟಡೋರೆಸ್ ಫೈನಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲಿಗ ಅವರು. ಪೆನಾಲ್ಟಿ ಶೂಟೌಟ್ ಬಂತು. ಅದೇ ನೆವೆಸ್ ಒದ್ದ ಚೆಂಡನ್ನು ಎಲ್‌ಡಿಯು ಗೋಲ್‌ಕೀಪರ್ ಹೋಸೆ ಫ್ರಾನ್ಸಿಸ್ಕೊ ಸೆವಾಯೊಸ್ ತಡೆದರು. ಒಟ್ಟು ಮೂರು ಪೆನಾಲ್ಟಿ ತಡೆದರು ಅವರು. ಅಷ್ಟು ದೊಡ್ಡ ಸ್ಟೇಡಿಯಂ ಒಂದೇ ಸಲಕ್ಕೆ ಮೂಕವಾಯಿತು. ಒಂದು ಮೂಲೆಯಲ್ಲಿ ಒಂದಿಷ್ಟು ಬಿಳಿ ಅಂಗಿಯವರು ಮಾತ್ರ ಕುಣಿಯುತ್ತಿದ್ದರು. ಈಕ್ವೆಡಾರ್‌ಗೆ ಈ ಕಪ್ ಬಂದಿದ್ದು ಅದೇ ಮೊದಲು, ಇವತ್ತಿಗೂ ಅದೊಂದೇ.

ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಫುಟ್‌ಬಾಲ್ ಅಂದರೆ ಯುರೋಪ್ ಎನ್ನುವ ಗೆಳೆಯರು "ಅಲ್ಲೇನಿದೆ? ಒಳ್ಳೆಯ ಆಟಗಾರರೆಲ್ಲ ಯುರೋಪಿಗೇ ಬರ್ತಾರಲ್ಲ" ಅಂತ ಕೇಳುತ್ತಾರೆ. ಮಾತು ಸುಳ್ಳಲ್ಲ. ಇಪ್ಪತ್ತು ತುಂಬುವ ಮೊದಲೇ ಹುಡುಗರನ್ನು ವಿಮಾನ ಹತ್ತಿಸುವ ಖಂಡ ಅದು. ಆದರೆ ನಾನು ನೋಡುವುದು ಆಟಗಾರರನ್ನು ಅಷ್ಟಾಗಿ ಅಲ್ಲ. ಪಂದ್ಯ ನಡೆಯುವ ಜಾಗಗಳನ್ನು.

ಸ್ಪ್ಯಾನಿಷ್‌ನಲ್ಲಿ ಇಬ್ಬರ ಊರಲ್ಲೂ ಒಂದೊಂದು ಸಲ ಆಡುವ ಎರಡು ಲೆಗ್‌ಗಳ ಪಂದ್ಯಕ್ಕೆ 'ಇದಾ ಇ ವುಯೆಲ್ತಾ' ಅನ್ನುತ್ತಾರೆ. ಹೋಗುವುದು ಮತ್ತು ತಿರುಗಿ ಬರುವುದು. ನಾವು ಹೇಳುವ 'ಎರಡನೇ ಲೆಗ್'ನಲ್ಲಿ ಬರೀ ಲೆಕ್ಕ ಇದೆ. 'ವುಯೆಲ್ತಾ'ದಲ್ಲಿ ದಾರಿ ಇದೆ. ನಿಮ್ಮೂರಿಗೆ ಬಂದು ಹೊಡೆಸಿಕೊಂಡು ಹೋದವರು ಈಗ ತಮ್ಮೂರಲ್ಲಿ ಕಾಯುತ್ತಿದ್ದಾರೆ ಅನ್ನುವ ಅರ್ಥವಿದೆ. ನಮ್ಮ ಪತ್ರಿಕೆಗಳು ಸ್ವಂತ ಮೈದಾನಕ್ಕೆ 'ತವರು' ಅಂತ ಬರೆಯುತ್ತವಲ್ಲ, ಆ ಪದ ಈ ಟೂರ್ನಿಗೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದುವುದಿಲ್ಲ. ತವರಿನಲ್ಲಿ ಬಲ, ಹೊರಗೆ ಹೋದರೆ ಪರದಾಟ. ಲಿಬರ್ಟಡೋರೆಸ್ ಕಥೆ ಅರ್ಧಕ್ಕರ್ಧ ಇಷ್ಟೇ.

ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಕಾನ್ಮೆಬೋಲ್ ಇದನ್ನು 1960ರಲ್ಲಿ ಶುರು ಮಾಡಿತು. ಆ ವರ್ಷ ಆಡಿದ್ದು ಏಳೇ ಕ್ಲಬ್. ಮೊದಲ ಪಂದ್ಯದಲ್ಲೇ ಉರುಗ್ವೆಯ ಪೆನ್ಯಾರೋಲ್ ಬೊಲಿವಿಯಾದ ಹೋರ್ಹೆ ವಿಲ್‌ಸ್ಟರ್ಮನ್ ತಂಡಕ್ಕೆ 7-1 ಹೊಡೆಯಿತು. ಅದರಲ್ಲಿ ನಾಲ್ಕು ಗೋಲು ಈಕ್ವೆಡಾರ್‌ನ ಆಲ್ಬರ್ಟೊ ಸ್ಪೆನ್ಸರ್ ಅವರದು. ಅವರು ಈ ಟೂರ್ನಿಯಲ್ಲಿ ಒಟ್ಟು 54 ಗೋಲು ಹೊಡೆದರು, ಆ ದಾಖಲೆ ಇನ್ನೂ ಹಾಗೇ ಇದೆ. 'ಲಿಬರ್ಟಡೋರೆಸ್' ಅನ್ನುವ ಹೆಸರು ಬಂದಿದ್ದು 1965ರಲ್ಲಿ. ಅಂದರೆ ಬಿಡುಗಡೆ ಮಾಡಿದವರು. ಸಿಮೋನ್ ಬೊಲಿವಾರ್, ಸಾನ್ ಮಾರ್ಟಿನ್‌ರಂಥ, ಆ ದೇಶಗಳನ್ನು ಯುರೋಪಿನ ರಾಜರ ಕೈಯಿಂದ ಬಿಡಿಸಿದ ನಾಯಕರು. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಶುರುವಿನ ವರ್ಷಗಳಲ್ಲಿ ಎರಡು ಲೆಗ್‌ಗಳ ಗೋಲು ಕೂಡಿಸುತ್ತಿರಲಿಲ್ಲ. ಇಬ್ಬರೂ ಒಂದೊಂದು ಗೆದ್ದರೆ ಬೇರೆ ದೇಶದಲ್ಲಿ ಮೂರನೇ ಪಂದ್ಯ. 1962ರಲ್ಲಿ ಬ್ರೆಜಿಲ್‌ನ ಸ್ಯಾಂಟೋಸ್ ಮತ್ತು ಪೆನ್ಯಾರೋಲ್ ಫೈನಲ್‌ನಲ್ಲಿ ಇದು ಎಲ್ಲಿಗೆ ಹೋಯಿತು ನೋಡಿ. ಮಾಂಟೆವಿಡಿಯೊದಲ್ಲಿ ಸ್ಯಾಂಟೋಸ್ ಗೆದ್ದಿತ್ತು. ಸ್ಯಾಂಟೋಸ್‌ನ ಮೈದಾನದಲ್ಲಿ ಪೆನ್ಯಾರೋಲ್ 3-2ರಿಂದ ಮುಂದಿದ್ದಾಗ ಜನ ರೊಚ್ಚಿಗೆದ್ದರು. ರೆಫರಿ ಕಾರ್ಲೋಸ್ ರೋಬ್ಲೆಸ್ ಆಟ ನಿಲ್ಲಿಸಿದರು. ತುಂಬಾ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಸ್ಯಾಂಟೋಸ್ ಇನ್ನೊಂದು ಗೋಲು ಹೊಡೆದು 3-3 ಮಾಡಿ ಕಪ್ ಗೆದ್ದೆವೆಂದು ಸಂಭ್ರಮಿಸಿತು. ಕೊನೆಗೆ ನೋಡಿದರೆ, ಆಟ ನಿಂತ ಹೊತ್ತಿಗೇ ಪಂದ್ಯ ಮುಗಿದಿತ್ತಂತೆ. ಆಮೇಲೆ ಆಡಿದ್ದೆಲ್ಲ ಜನರನ್ನು ಸಮಾಧಾನ ಮಾಡೋಕೆ! ಲೆಕ್ಕಕ್ಕೆ ಹಿಡಿದದ್ದು 3-2. ಮೂರನೇ ಪಂದ್ಯ ಬ್ಯೂನಸ್ ಐರಿಸ್‌ನಲ್ಲಿ. ಗಾಯದಿಂದ ಮೊದಲೆರಡು ಪಂದ್ಯ ಆಡದಿದ್ದ ಪೆಲೆ ಬಂದರು, ಎರಡು ಗೋಲು ಹೊಡೆದರು, 3-0. ಒಂದೇ ಕಪ್‌ಗೆ ಎರಡು ಸಲ ಸಂಭ್ರಮ.

1966ರಲ್ಲೂ ಮೂರನೇ ಪಂದ್ಯ ಬೇಕಾಯಿತು. ಚಿಲಿಯ ಸ್ಯಾಂಟಿಯಾಗೊದಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ ಅರ್ಧ ಸಮಯಕ್ಕೆ 2-0 ಮುಂದಿತ್ತು. ಪೆನ್ಯಾರೋಲ್ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ 4-2 ಗೆದ್ದಿತು. ರಿವರ್ ಮನೆಗೆ ಬಂದು ಮುಂದಿನ ಲೀಗ್ ಪಂದ್ಯ ಆಡಲು ಬಾನ್‌ಫೀಲ್ಡ್ ಮೈದಾನಕ್ಕೆ ಹೋದರೆ, ಅಲ್ಲಿನವರು ಒಂದು ಬಿಳಿ ಕೋಳಿಗೆ ಕೆಂಪು ಪಟ್ಟಿ ಕಟ್ಟಿ ಒಳಗೆ ಬಿಟ್ಟರು. ರಿವರ್ ಅಂಗಿಯೂ ಹಾಗೇ ಅಲ್ವಾ, ಬಿಳಿ ಮೇಲೆ ಓರೆಯಾದ ಕೆಂಪು ಪಟ್ಟಿ. ಅವತ್ತಿನಿಂದ ರಿವರ್‌ನವರಿಗೆ 'ಗಾಯಿನಾಸ್' ಅನ್ನುವ ಅಡ್ಡಹೆಸರು. ಕೋಳಿಗಳು, ಪುಕ್ಕಲರು. ಅಡ್ಡಹೆಸರಿನ ಹಣೆಬರಹವೇ ಇಷ್ಟು. ಕಿತ್ತು ಹಾಕಲಾಗದೆ ಕೊನೆಗೆ ರಿವರ್ ಅಭಿಮಾನಿಗಳೇ ಅದನ್ನು ತಮ್ಮದು ಮಾಡಿಕೊಂಡರು.

ಈ ಮೂರನೇ ಪಂದ್ಯಗಳಲ್ಲಿ ನನಗೆ ಅತಿ ಕ್ರೂರ ಅನ್ನಿಸಿದ್ದು 1987ರದ್ದು. ಕೊಲಂಬಿಯಾದ ಅಮೆರಿಕಾ ದೆ ಕಾಲಿ ಸತತ ಮೂರನೇ ಫೈನಲ್ ಆಡುತ್ತಿತ್ತು. ಹಿಂದಿನ ಎರಡರಲ್ಲೂ ಸೋತಿತ್ತು. ಈ ಸಲ ತವರಲ್ಲಿ ಪೆನ್ಯಾರೋಲ್ ವಿರುದ್ಧ 2-0 ಗೆಲುವು, ಮಾಂಟೆವಿಡಿಯೊದಲ್ಲಿ 1-2 ಸೋಲು. ಸ್ಯಾಂಟಿಯಾಗೊದಲ್ಲಿ ಮೂರನೇದು. ಅದು ಡ್ರಾ ಆದರೆ ಗೋಲು ವ್ಯತ್ಯಾಸದಲ್ಲಿ ಕಪ್ ಅಮೆರಿಕಾಗೇ. 90 ನಿಮಿಷ 0-0. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂತು, 0-0. ಇನ್ನೇನು ಸೀಟಿ ಊದಬೇಕು, ಆಗ ಪೆನ್ಯಾರೋಲ್‌ನ ದಿಯೆಗೊ ಅಗಿರ್ರೆ ಗೋಲು ಹೊಡೆದುಬಿಟ್ಟರು. ಅಮೆರಿಕಾ 1996ರಲ್ಲಿ ಮತ್ತೊಮ್ಮೆ ಫೈನಲ್‌ಗೆ ಬಂದು ಮತ್ತೆ ಸೋತಿತು. ಕಪ್ ಇನ್ನೂ ಸಿಕ್ಕಿಲ್ಲ.

ಇನ್ನು ಎತ್ತರದ ಮಾತು. ಕೀಟೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಮೇಲಿದೆ. ಬೊಲಿವಿಯಾದ ಲಾ ಪಾಜ್‌ನ ಹೆರ್ನಾಂಡೊ ಸಿಲೆಸ್ ಸ್ಟೇಡಿಯಂ 3,600 ಮೀಟರ್ ಆಸುಪಾಸು. ಅದಕ್ಕೂ ಮೇಲಿನ ಎಲ್ ಆಲ್ಟೊದ ಮೈದಾನ 4,000 ಮೀಟರ್ ದಾಟುತ್ತದೆ. ಅಲ್ಲಿ ಗಾಳಿ ತೆಳು. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಚೆಂಡಿಗೂ ತಡೆ ಕಡಿಮೆ, ಹಾಗಾಗಿ ಒದ್ದರೆ ಅಂದಾಜಿಗಿಂತ ಜೋರಾಗಿ ಹೋಗುತ್ತದೆ, ತಿರುಗುವುದೂ ಕಡಿಮೆ. ಕಡಲ ತೀರದ ಗೋಲ್‌ಕೀಪರ್ ಇಲ್ಲಿ ದೂರದಿಂದ ಬಂದ ಒದೆತಕ್ಕೆ ಮೋಸ ಹೋಗುವುದು ನೋಡಿದರೆ ಪಾಪ ಅನ್ನಿಸುತ್ತದೆ.

ಹೊರಗಿನ ತಂಡಗಳು ಇದಕ್ಕೊಂದು ಉಪಾಯ ಕಂಡುಕೊಂಡಿವೆ. ಸರಿಯಾಗಿ ಒಗ್ಗಿಕೊಳ್ಳಲು ವಾರಗಳೇ ಬೇಕು, ಅಷ್ಟು ಪುರಸೊತ್ತು ಯಾರಿಗೂ ಇಲ್ಲ. ಎತ್ತರದ ಕಾಯಿಲೆ ಹಿಡಿಯಲು ಕೆಲವು ಗಂಟೆ ಹಿಡಿಯುತ್ತದೆ. ಅದಕ್ಕೇ ಕೆಳಗಿನ ಸಾಂತಾ ಕ್ರೂಜ್‌ನಂಥ ಊರಲ್ಲಿ ಉಳಿದು, ಪಂದ್ಯದ ದಿನವೇ ಮೇಲೆ ಹಾರಿ, ಆಡಿ, ತಲೆನೋವು ಏರುವ ಮೊದಲೇ ಕೆಳಗಿಳಿದುಬಿಡುತ್ತಾರೆ. ಕಳ್ಳನ ಹಾಗೆ ಬಂದು ಹೋಗುವುದು! 2007ರಲ್ಲಿ ಬ್ರೆಜಿಲ್‌ನ ಫ್ಲಮೆಂಗೊ ಬೊಲಿವಿಯಾದ ಪೊಟೊಸಿಗೆ ಹೋದಾಗ ಆಟಗಾರರಿಗೆ ಆಮ್ಲಜನಕದ ಸಿಲಿಂಡರ್ ಬೇಕಾಯಿತು. ಇಂಥ ಕಡೆ ನಾವು ಆಡಲ್ಲ ಎಂದು ಕ್ಲಬ್ ಗಲಾಟೆ ಎಬ್ಬಿಸಿತು. ಅದೇ ವರ್ಷ ಫೀಫಾ 2,500 ಮೀಟರ್‌ಗಿಂತ ಮೇಲೆ ಅಂತಾರಾಷ್ಟ್ರೀಯ ಪಂದ್ಯ ಬೇಡವೆಂದಿತು. ಬೊಲಿವಿಯಾ ಅಧ್ಯಕ್ಷ ಇವೊ ಮೊರಾಲೆಸ್ ಸ್ವತಃ ಮೈದಾನಕ್ಕಿಳಿದು ಪ್ರತಿಭಟಿಸಿದರು. ಮುಂದಿನ ವರ್ಷ ಫೀಫಾ ನಿಷೇಧ ಕೈಬಿಟ್ಟಿತು.

ನಾನು ಬೊಲಿವಿಯಾ ಪರ. ಜನ ಹುಟ್ಟಿ, ಮದುವೆಯಾಗಿ, ಮಕ್ಕಳನ್ನು ಸಾಕುವ ಊರು ಆಡಲು ಯೋಗ್ಯವಲ್ಲ ಎಂದರೆ ಹೇಗೆ? ಅವರೂ ಕೆಳಗಿಳಿದು ಬಂದು ಬೇರೆಯವರ ಬಿಸಿಲಿನಲ್ಲಿ, ಬೇರೆಯವರ ಜನರ ಮುಂದೆ ಆಡುತ್ತಾರಲ್ಲ. ಇಷ್ಟಾದರೂ ಬೊಲಿವಿಯಾದ ಒಂದು ಕ್ಲಬ್ಬೂ ಈವರೆಗೆ ಫೈನಲ್ ಮುಟ್ಟಿಲ್ಲ. ಎತ್ತರ ಒಂದು ಪಂದ್ಯ ಗೆಲ್ಲಿಸಬಹುದು. ತಿರುಗಿ ಬರುವ ಪಂದ್ಯ ಯಾವಾಗಲೂ ಕಾಯುತ್ತಿರುತ್ತದೆ.

ತಿರುಗಿ ಬರುವ ಪಂದ್ಯದ ಏಟು ಪರಾಗ್ವೆಯ ಒಲಿಂಪಿಯಾಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಸಣ್ಣ ಕ್ಲಬ್ ಏನಲ್ಲ, ಮೂರು ಸಲ ಕಪ್ ಗೆದ್ದಿದೆ. 1989ರ ಫೈನಲ್‌ನಲ್ಲಿ ತನ್ನ ಊರು ಅಸುನ್ಸಿಯೋನ್‌ನಲ್ಲಿ ಕೊಲಂಬಿಯಾದ ಅಟ್ಲೆಟಿಕೊ ನಾಸಿಯೊನಾಲ್ ತಂಡವನ್ನು 2-0 ಸೋಲಿಸಿತು. ನಾಸಿಯೊನಾಲ್‌ನ ಮೆಡೆಲಿನ್ ಸ್ಟೇಡಿಯಂ ಫೈನಲ್‌ಗೆ ಸಾಕಾಗುವಷ್ಟು ದೊಡ್ಡದಿರಲಿಲ್ಲ. ಹಾಗಾಗಿ ಎರಡನೇ ಲೆಗ್ ಬೊಗೋಟಾದಲ್ಲಿ. ಅಲ್ಲೂ 2-0, ಈ ಸಲ ನಾಸಿಯೊನಾಲ್‌ಗೆ. ಶೂಟೌಟ್ ಮುಗಿಯುವ ಸೂಚನೆಯೇ ಇರಲಿಲ್ಲ. ಆ ಗುಂಗುರು ಕೂದಲಿನ ಗೋಲ್‌ಕೀಪರ್ ರೆನೆ ಹಿಗಿಟಾ ನಾಲ್ಕು ತಡೆದು, ತಾನೇ ಹೋಗಿ ಒಂದು ಹೊಡೆದು ಬಂದರು. ಕೊನೆಗೆ 5-4. ಕೊಲಂಬಿಯಾಗೆ ಮೊದಲ ಕಪ್.

24 ವರ್ಷ ಬಿಟ್ಟು 2013ರಲ್ಲಿ ಒಲಿಂಪಿಯಾ ಮತ್ತೆ ತವರಲ್ಲಿ 2-0 ಗೆದ್ದಿತು. ಈ ಸಲ ಎದುರಿಗಿದ್ದದ್ದು ಬ್ರೆಜಿಲ್‌ನ ಅಟ್ಲೆಟಿಕೊ ಮಿನೇರೊ, ರೊನಾಲ್ಡಿನೊ ಇದ್ದ ತಂಡ. ಬೆಲೊ ಒರಿಜೊಂಟೆಯಲ್ಲಿ ಎರಡನೇ ಲೆಗ್. ಮಿನೇರೊ 2-0. ಮತ್ತೆ ಶೂಟೌಟ್. ಮತ್ತೆ ಒಲಿಂಪಿಯಾಗೆ ಸೋಲು, 4-3. ಅದೇ ಅಂಕಿ, ಅದೇ ದಾರಿ, ಅದೇ ಗುಂಡಿ. ಮಿನೇರೊ ಸೆಮಿಫೈನಲ್‌ನಲ್ಲೂ ಹೀಗೇ 0-2 ಸೋತು, 2-0 ಗೆದ್ದು, ಪೆನಾಲ್ಟಿಯಲ್ಲಿ ಪಾರಾಗಿತ್ತು. ಅದಕ್ಕೂ ಮೊದಲು ಕ್ವಾರ್ಟರ್‌ಫೈನಲ್‌ನ ಕೊನೇ ಗಳಿಗೆಯಲ್ಲಿ ಮೆಕ್ಸಿಕೊದ ಟಿಹುವಾನಾಗೆ ಪೆನಾಲ್ಟಿ ಸಿಕ್ಕಾಗ ಗೋಲ್‌ಕೀಪರ್ ವಿಕ್ಟರ್ ಒಂದು ಕಡೆ ಹಾರಿ, ಹಿಂದೆ ಉಳಿದ ಎಡಗಾಲಿನಿಂದ ಚೆಂಡು ತಳ್ಳಿದ್ದರು. ಆ ಕಾಲಿಗೆ ದೇವಸ್ಥಾನ ಕಟ್ಟಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈಗ ಫೈನಲ್‌ಗೆ ಎರಡನೇ ಲೆಗ್ ಇಲ್ಲ. 2019ರಿಂದ ಒಂದೇ ಪಂದ್ಯ, ಮೊದಲೇ ಗೊತ್ತು ಮಾಡಿದ ಊರಲ್ಲಿ. ಯುರೋಪಿನ ಚಾಂಪಿಯನ್ಸ್ ಲೀಗ್ ಥರ.

ಇದಕ್ಕೆ 2018ರ ಗಲಾಟೆಯೇ ಕಾರಣ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ. ನಿಜವಾಗಿ ಕಾನ್ಮೆಬೋಲ್ ಆ ತೀರ್ಮಾನ ಪ್ರಕಟಿಸಿದ್ದು 2018ರ ಫೆಬ್ರವರಿಯಲ್ಲಿ. ಗಲಾಟೆ ಆಗಿದ್ದು ನವೆಂಬರ್‌ನಲ್ಲಿ. ಅಂದರೆ ಅದು ಎರಡು ಲೆಗ್‌ಗಳ ಕೊನೆಯ ಫೈನಲ್ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ಆ ಕೊನೆಯ ಫೈನಲ್‌ಗೆ ಬಂದವರು ಯಾರು? ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್. ಬ್ಯೂನಸ್ ಐರಿಸ್ ಅನ್ನುವ ಒಂದೇ ಊರಿನ ಎರಡು ದೊಡ್ಡ ಕ್ಲಬ್, ಹುಟ್ಟಾ ವೈರಿಗಳು. ಕಥೆ ಬರೆಯುವವರು ಹೀಗೆ ಬರೆದರೆ ಅತಿಯಾಯಿತು ಅಂತ ಬೈಯುತ್ತಿದ್ದೆವು.

ಬೋಕಾ ಮೈದಾನದ ಮೊದಲ ಲೆಗ್ ಮಳೆಯಿಂದ ಒಂದು ದಿನ ತಡವಾಗಿ ನಡೆದು 2-2 ಆಯಿತು. ನವೆಂಬರ್ 24ರಂದು ರಿವರ್ ಮೈದಾನದಲ್ಲಿ ಎರಡನೇದು. ನಾನು ಅಲಾರಂ ಇಟ್ಟುಕೊಂಡು ಎದ್ದು ಕೂತಿದ್ದೆ. ಪರದೆ ಮೇಲೆ ಬಂದದ್ದು ಗಾಜು ಒಡೆದ ಬಸ್ಸು. ಸ್ಟೇಡಿಯಂಗೆ ಬರುತ್ತಿದ್ದ ಬೋಕಾ ತಂಡದ ಬಸ್ಸಿಗೆ ಕಲ್ಲು ಬಿದ್ದಿತ್ತು. ಪೊಲೀಸರು ಬಿಟ್ಟ ಅಶ್ರುವಾಯು ಬಸ್ಸಿನ ಒಳಕ್ಕೂ ಹೋಗಿತ್ತು. ನಾಯಕ ಪಾಬ್ಲೊ ಪೆರೆಜ್ ಕಣ್ಣಿಗೆ ಪೆಟ್ಟಾಗಿ ಆಸ್ಪತ್ರೆಗೆ ಹೋದರು. ಈಗ ಶುರು, ಆಗ ಶುರು ಅಂತ ಗಂಟೆಗಟ್ಟಲೆ ಕಾಯಿಸಿದರು. ಆಮೇಲೆ ನಾಳೆ ಅಂದರು. ನಾಳೆಯೂ ಇಲ್ಲ. ಬೋಕಾದವರು ಕಪ್ ನಮಗೇ ಕೊಡಿ ಎಂದರು. ಅವರ ಮಾತಿಗೂ ಒಂದು ಹಿನ್ನೆಲೆಯಿತ್ತು. 2015ರಲ್ಲಿ ಬೋಕಾ ಮೈದಾನದಲ್ಲಿ ರಿವರ್ ಆಟಗಾರರ ಮೇಲೆ ಖಾರದ ಪುಡಿಯಂಥದ್ದನ್ನು ಎರಚಿದಾಗ ಪಂದ್ಯ ಅರ್ಧಕ್ಕೇ ನಿಂತು, ರಿವರ್ ಮುಂದೆ ಹೋಗಿ ಕಪ್ಪನ್ನೂ ಗೆದ್ದಿತ್ತು.

ಕೊನೆಗೆ ಪಂದ್ಯ ನಡೆದದ್ದು ಡಿಸೆಂಬರ್ 9ರಂದು, ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ. ಸ್ಪೇನ್ ಆಳ್ವಿಕೆಯಿಂದ ಬಿಡಿಸಿದವರ ಹೆಸರಿನ ಕಪ್, ಸ್ಪೇನ್ ರಾಜಧಾನಿಯಲ್ಲಿ! ಬೊಲಿವಾರ್ ಇದ್ದಿದ್ದರೆ ನಗುತ್ತಿದ್ದನೋ ಕತ್ತಿ ಹಿರಿಯುತ್ತಿದ್ದನೋ. ರಿವರ್ 3-1 ಗೆದ್ದಿತು. ಕೊನೆಯ ಗಳಿಗೆಯಲ್ಲಿ ಬೋಕಾ ಗೋಲ್‌ಕೀಪರ್ ಕೂಡ ಮುಂದೆ ಹೋಗಿದ್ದರಿಂದ ಪಿಟಿ ಮಾರ್ಟಿನೆಜ್ ಖಾಲಿ ಗೋಲಿನತ್ತ ಒಬ್ಬರೇ ಓಡಿದರು. ಆ ಓಟ ಎಷ್ಟು ಸಲ ನೋಡಿದ್ದೇನೋ. ಒಂದು ವಿಚಿತ್ರ ಹೇಳಲೇಬೇಕು. ಅರ್ಜೆಂಟೀನಾದಲ್ಲಿ ಹೊರಗಿನ ತಂಡದ ಅಭಿಮಾನಿಗಳನ್ನು 2013ರಿಂದಲೇ ಒಳಗೆ ಬಿಡುತ್ತಿರಲಿಲ್ಲ. ಒಂದೇ ಊರಿನ ಈ ಇಬ್ಬರೂ ಒಂದೇ ಸ್ಟೇಡಿಯಂನಲ್ಲಿ ಕೂರಬೇಕಾದರೆ ಸಾಗರ ದಾಟಬೇಕಾಯಿತು. ಅಲ್ಲಿ ಏನೂ ಆಗಲಿಲ್ಲ. ಕೂತು ನೋಡಿ ಹೋದರು.

ಇಲ್ಲಿ ನನಗೆ ನನ್ನ ಮೇಲೇ ಅನುಮಾನ ಬರುತ್ತದೆ. ಎರಡನೇ ಲೆಗ್ ಬೇಕು, ಆ ಕಾವು ಬೇಕು ಅಂತ ನಾನು ಹೇಳುವುದು ಸುಲಭ. ಕಲ್ಲು ಬಿದ್ದದ್ದು ನಾನಿದ್ದ ಬಸ್ಸಿಗಲ್ಲ. 1991ರ ಸೆಮಿಫೈನಲ್‌ನಲ್ಲಿ ಚಿಲಿಯ ಕೊಲೊ-ಕೊಲೊ ಮೈದಾನದಲ್ಲಿ ಹೊಡೆದಾಟವಾಗಿ, ರಾನ್ ಅನ್ನುವ ಪೊಲೀಸ್ ನಾಯಿ ಬೋಕಾ ಗೋಲ್‌ಕೀಪರ್ ನವಾರೊ ಮೊಂಟೊಯಾಗೆ ಕಚ್ಚಿದ ಕಥೆಯನ್ನು ನಾನೇ ಎಷ್ಟೋ ಸಲ ನಗುತ್ತಾ ಹೇಳಿದ್ದೇನೆ. ಕಚ್ಚಿಸಿಕೊಂಡವರಿಗೆ ಅದು ತಮಾಷೆಯಾಗಿರಲಿಲ್ಲ. ದೂರ ಕೂತವನಿಗೆ ಎಲ್ಲವೂ ಕಥೆ.

ಆದರೂ ಒಂದೇ ಪಂದ್ಯದ ಫೈನಲ್ ನನಗೆ ಒಗ್ಗಿಲ್ಲ. ಆಟ ಸಪ್ಪೆ ಅಂತಲ್ಲ. 2019ರಲ್ಲಿ, ಚಿಲಿಯ ಗಲಭೆಯಿಂದ ಲಿಮಾಗೆ ಸ್ಥಳಾಂತರವಾದ ಫೈನಲ್‌ನಲ್ಲಿ, ರಿವರ್ 1-0 ಮುಂದಿದ್ದಾಗ ಫ್ಲಮೆಂಗೊದ ಗಾಬ್ರಿಯೆಲ್ ಬಾರ್ಬೋಸಾ 89ನೇ ನಿಮಿಷಕ್ಕೊಂದು, ಹೆಚ್ಚುವರಿ ನಿಮಿಷಗಳಲ್ಲಿ ಇನ್ನೊಂದು ಹೊಡೆದರು. 2024ರಲ್ಲಿ ಬೊಟಾಫೊಗೊದ ಗ್ರೆಗೋರೆ ಮೊದಲ ನಿಮಿಷದಲ್ಲೇ ಕೆಂಪು ಕಾರ್ಡ್ ತಗೊಂಡು ಹೊರನಡೆದರು. ಉಳಿದ ಹತ್ತೇ ಜನ 3-1 ಗೆದ್ದರು. ಇದಕ್ಕಿಂತ ರೋಚಕ ಇನ್ನೇನು ಬೇಕು? ಆದರೆ 2021ರ ಮಾಂಟೆವಿಡಿಯೊ, 2022ರ ಗ್ವಾಯಾಕಿಲ್, 2024ರ ಬ್ಯೂನಸ್ ಐರಿಸ್, 2025ರ ಲಿಮಾ, ನಾಲ್ಕೂ ಕಡೆ ಆಡಿದ ಎರಡೂ ತಂಡ ಬ್ರೆಜಿಲ್‌ನವೇ. ಎರಡೂ ತಂಡಕ್ಕೆ ತವರಲ್ಲದ ಜಾಗ. ತನ್ನ ತಂಡದ ಫೈನಲ್ ನೋಡುವ ಆಸೆಯಿದ್ದವನು ವಿಮಾನ ಹತ್ತಬೇಕು, ಇಲ್ಲವೇ ನನ್ನ ಹಾಗೆ ಪರದೆ ಮುಂದೆ ಕೂರಬೇಕು.

ಬ್ರೆಜಿಲ್‌ನವರೇ ಯಾಕೆ ಅಂದರೆ, ದುಡ್ಡು. ದೊಡ್ಡ ದೇಶ, ದೊಡ್ಡ ಟಿವಿ ಹಕ್ಕು, ದೊಡ್ಡ ಪ್ರಾಯೋಜಕರು. ಉಳಿದ ದೇಶಗಳ ಒಳ್ಳೆಯ ಆಟಗಾರರು ಯುರೋಪಿಗೆ ಹೋಗುವ ಮೊದಲು ಈಗ ಬ್ರೆಜಿಲ್‌ಗೆ ಹೋಗುತ್ತಾರೆ. 2019ರಿಂದ 2025ರವರೆಗೆ ಏಳಕ್ಕೆ ಏಳೂ ಕಪ್ ಅವರದೇ. ಒಟ್ಟು ಲೆಕ್ಕದಲ್ಲಿ ಅರ್ಜೆಂಟೀನಾ 25, ಬ್ರೆಜಿಲ್ 25. ಏಳು ಕಪ್ ಗೆದ್ದು ಇವತ್ತಿಗೂ ಮೊದಲ ಸ್ಥಾನದಲ್ಲಿರುವ ಅರ್ಜೆಂಟೀನಾದ ಇಂಡಿಪೆಂಡಿಯೆಂಟೆ ಕೊನೆಯದಾಗಿ ಗೆದ್ದದ್ದು 1984ರಲ್ಲಿ. ಉರುಗ್ವೆಯ ಕ್ಲಬ್ ಒಂದು ಗೆದ್ದು 1988ಕ್ಕೇ ಆಯಿತು. ಕಪ್ಪಿನ ಕೆಳಗಿನ ಮರದ ಪೀಠದ ಮೇಲೆ ಗೆದ್ದ ಪ್ರತಿ ಕ್ಲಬ್ಬಿನ ಲಾಂಛನದ ಸಣ್ಣ ಬಿಲ್ಲೆ ಬಡಿಯುತ್ತಾರೆ. ಪೆರು, ಬೊಲಿವಿಯಾ, ವೆನೆಜುವೆಲಾದ ಒಂದು ಬಿಲ್ಲೆಯೂ ಅದರ ಮೇಲಿಲ್ಲ.

2023ರಲ್ಲಿ ಫ್ಲೂಮಿನೆನ್ಸ್ ಗೆದ್ದಾಗ ಮಾತ್ರ ನನಗೆ ಖುಷಿಯಾಯಿತು. ಆ ವರ್ಷದ ಫೈನಲ್‌ಗೆ ಗೊತ್ತು ಮಾಡಿದ ಮೈದಾನ ಮಾರಕಾನಾ. ಫ್ಲೂಮಿನೆನ್ಸ್ ತವರು ಅದೇ, 2008ರಲ್ಲಿ ಅವರು ಪೆನಾಲ್ಟಿಯಲ್ಲಿ ಸೋತದ್ದೂ ಅಲ್ಲೇ. ಬೋಕಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಜಾನ್ ಕೆನಡಿ ಅನ್ನುವ ಹುಡುಗ ಗೋಲು ಹೊಡೆದು, ಜನರ ಮಧ್ಯೆ ಹೋಗಿ ಸಂಭ್ರಮಿಸಿ, ಎರಡನೇ ಹಳದಿ ಕಾರ್ಡ್ ತಗೊಂಡು ಹೊರಗೆ ಹೋದ. 2-1. 15 ವರ್ಷ ತಡವಾದ ಎರಡನೇ ಲೆಗ್ ಅಂತ ನಾನು ಲೆಕ್ಕ ಹಾಕಿಕೊಂಡೆ.

ಅದೃಷ್ಟಕ್ಕೆ ಸೆಮಿಫೈನಲ್‌ವರೆಗೆ ಹೋಗಿ ಬರುವ ಆಟ ಇನ್ನೂ ಇದೆ. 2025ರ ಅಕ್ಟೋಬರ್‌ನಲ್ಲಿ ಅದೇ ಎಲ್‌ಡಿಯು, ಅದೇ ಕೀಟೊದ ಎತ್ತರದಲ್ಲಿ, ಬ್ರೆಜಿಲ್‌ನ ಪಾಲ್ಮೇರಾಸ್ ತಂಡಕ್ಕೆ 3-0 ಹೊಡೆಯಿತು. 2008 ನೆನಪಾಗಿ ನಾನು ಕೂತಲ್ಲೇ ಕುಣಿದೆ. ಒಂದು ವಾರ ಪೂರ್ತಿ ಎಲ್‌ಡಿಯು ಫೈನಲ್‌ಗೆ ಹೋದ ಹಾಗೇ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಸಾವೊ ಪಾಲೊದಲ್ಲಿ ಎರಡನೇ ಲೆಗ್. ಪಾಲ್ಮೇರಾಸ್ 4-0.

ಮೂರನೇ ಗೋಲಿಗೇ ನನಗೆ ಗೊತ್ತಾಗಿತ್ತು. ಆದರೂ ಪರದೆ ಆರಿಸಲಿಲ್ಲ.